ಸೂಜಿಯೋ, ಹಲ್ಲುಕಡ್ಡಿಯೋ? ಅಕ್ಯುಪಂಕ್ಚರ್‌ನಲ್ಲಿ ಕೆಲಸ ಮಾಡೋದು ಯಾವುದು

ಸೊಂಟನೋವಿನ ರೋಗಿಯೊಬ್ಬರು ಮಂಚದ ಮೇಲೆ ಬೋರಲು ಮಲಗಿದ್ದಾರೆ. ಬೆನ್ನ ಮೇಲೆ ಏನು ನಡೆಯುತ್ತಿದೆ ಅಂತ ಅವರಿಗೆ ಕಾಣುವುದಿಲ್ಲ. ಚಿಕಿತ್ಸೆ ಕೊಡುವವರು ಒಂದು ಸಣ್ಣ ಕೊಳವೆಯನ್ನು ಚರ್ಮಕ್ಕೆ ಒತ್ತಿ ಹಿಡಿಯುತ್ತಾರೆ. ಅದರೊಳಗೆ ಒಂದು ಹಲ್ಲುಕಡ್ಡಿ ಇಳಿಸಿ, ಮೆಲ್ಲಗೆ ತಟ್ಟಿ, ಸ್ವಲ್ಪ ತಿರುಗಿಸಿ, ತೆಗೆದುಬಿಡುತ್ತಾರೆ. ಹೋಟೆಲಿನಲ್ಲಿ ಬಿಲ್ಲಿನ ಜೊತೆ ಸೋಂಪಿನ ಪಕ್ಕ ಇಡುತ್ತಾರಲ್ಲ, ಅದೇ ಟೂತ್‌ಪಿಕ್. ಸೂಜಿ ಒಳಗೆ ಹೋಯಿತು ಅಂತ ರೋಗಿ ಅಂದುಕೊಳ್ಳುತ್ತಾರೆ. ಸ್ವಲ್ಪ ಹೊತ್ತು ಸುಮ್ನೆ ಮಲಗಿರುತ್ತಾರೆ. ಕೊನೆಗೆ ಮತ್ತೆ ಕಡ್ಡಿ ತಾಗಿಸಿ 'ಸೂಜಿ ತೆಗೆಯುವ' ನಾಟಕ.

ಇದನ್ನು ತಮಾಷೆಗೆ ಮಾಡಿದ್ದಲ್ಲ. ಅಮೆರಿಕದ ಸಿಯಾಟಲ್ ಮತ್ತು ಉತ್ತರ ಕ್ಯಾಲಿಫೋರ್ನಿಯಾದಲ್ಲಿ, ಬಹುದಿನದಿಂದ ಸೊಂಟನೋವು ಅನುಭವಿಸುತ್ತಿದ್ದ 638 ಜನರ ಮೇಲೆ ನಡೆದ ಪ್ರಯೋಗ. ಫಲಿತಾಂಶ ಪ್ರಕಟವಾಗಿದ್ದು 2009ರಲ್ಲಿ. ಅವರಲ್ಲಿ ಯಾರೂ ಮೊದಲು ಅಕ್ಯುಪಂಕ್ಚರ್ ಮಾಡಿಸಿಕೊಂಡವರಲ್ಲ. ಒಂದು ಗುಂಪಿಗೆ ರೋಗಿಯನ್ನು ಪರೀಕ್ಷಿಸಿ ಆರಿಸಿದ ಜಾಗಗಳಲ್ಲಿ ಸೂಜಿ. ಇನ್ನೊಂದಕ್ಕೆ ಎಲ್ಲರಿಗೂ ಒಂದೇ ಜಾಗಗಳಲ್ಲಿ ಸೂಜಿ. ಮೂರನೆಯದಕ್ಕೆ ಹಲ್ಲುಕಡ್ಡಿ. ನಾಲ್ಕನೆಯ ಗುಂಪಿನವರು ತಮ್ಮ ಎಂದಿನ ಡಾಕ್ಟರು, ಎಂದಿನ ಮಾತ್ರೆ ಅಂತ ಮುಂದುವರಿದರು. ಏಳು ವಾರದಲ್ಲಿ ಹತ್ತು ಸಲ ಚಿಕಿತ್ಸೆ. ಎಂಟನೇ ವಾರಕ್ಕೆ ನೋಡಿದರೆ, ಎಂದಿನ ಚಿಕಿತ್ಸೆಯವರಲ್ಲಿ 100ಕ್ಕೆ 39 ಜನರ ಓಡಾಟ, ಮನೆಗೆಲಸ ಎಲ್ಲ ಮೊದಲಿಗಿಂತ ಚೆನ್ನಾಗಿ ಆಗಿತ್ತು. ಸೂಜಿ ಚುಚ್ಚಿಸಿಕೊಂಡವರಲ್ಲಿ ಸುಮಾರು 60.

ಹಲ್ಲುಕಡ್ಡಿಯವರಲ್ಲೂ ಸುಮಾರು 60.

ಅಕ್ಯುಪಂಕ್ಚರ್ ಕೆಲಸ ಮಾಡುತ್ತಾ ಅಂತ ನಮ್ಮ ಸೋದರತ್ತೆ ಹೋದ ವರ್ಷ ಕೇಳಿದಾಗ ನನಗೆ ನೆನಪಾಗಿದ್ದು ಈ ಕಡ್ಡಿಯೇ. ಮಂಡಿನೋವಿನ ಹೆಂಗಸು. ಪಕ್ಕದ ಮನೆಯವರು ಯಾರೋ ಸೂಜಿ ಹಾಕಿಸಿಕೊಂಡು ಆರಾಮಾಗಿದ್ದಾರಂತೆ. "ಹೋಗ್ಲಾ, ಬೇಡ್ವಾ? ಒಂದು ಮಾತು ಹೇಳು" ಅಂದರು. ಒಂದು ಮಾತಿನಲ್ಲಿ ಹೇಳಲು ಆಗಲಿಲ್ಲ. ಯಾಕೆಂದರೆ ಅವರ ಪ್ರಶ್ನೆಯಲ್ಲಿ ಎರಡು ಪ್ರಶ್ನೆ ಇದ್ದವು. ಸೂಜಿ ಹಾಕಿಸಿಕೊಂಡವರಿಗೆ ಆರಾಮ ಅನ್ನಿಸುತ್ತಾ? ಹೌದು, ಬಹಳ ಜನಕ್ಕೆ ಅನ್ನಿಸುತ್ತದೆ. ಆ ಆರಾಮ ಸೂಜಿಯಿಂದ, ಅದೂ ಇಂಥದ್ದೇ ಬಿಂದುವಿಗೆ ಚುಚ್ಚಿದ್ದರಿಂದ ಬಂತಾ? ಅಲ್ಲೇ ಕಥೆ ಬಿಗಿಯಾಗೋದು. ಅಕ್ಯುಪಂಕ್ಚರ್ ಮೆಚ್ಚುವವರು ಮೊದಲನೇ ಪ್ರಶ್ನೆಗೆ ಉತ್ತರ ಕೊಡುತ್ತಾರೆ, ಬೈಯುವವರು ಎರಡನೆಯದಕ್ಕೆ. ಇಬ್ಬರೂ ಒಂದೇ ಪ್ರಯೋಗ ತೋರಿಸಿ ಜಗಳವಾಡುತ್ತಾರೆ.

ಮೈಯೊಳಗಿನ ಕಾಲುವೆಗಳು

ಚೀನಾದ ಹಳೆಯ ವೈದ್ಯದ ಪ್ರಕಾರ ಮೈಯಲ್ಲಿ 'ಚಿ' ಅನ್ನುವ ಶಕ್ತಿ ಹರಿಯುತ್ತಿರುತ್ತದೆ. ಅದು ಹರಿಯಲು ಕಾಲುವೆಗಳಿವೆ. ಮುಖ್ಯವಾದವು ಹನ್ನೆರಡು. ಕಾಲುವೆಯಲ್ಲಿ ಕಸ ಕಟ್ಟಿಕೊಂಡರೆ ಗದ್ದೆಗೆ ನೀರು ಹೋಗುವುದಿಲ್ಲವಲ್ಲ, ಹಾಗೆ ಚಿ ತಡೆದು ನಿಂತರೆ ಕಾಯಿಲೆ. ಕಾಲುವೆಗಳ ಉದ್ದಕ್ಕೂ ಇರುವ ಬಿಂದುಗಳಿಗೆ ಸೂಜಿ ಹಾಕಿದರೆ ತಡೆ ಬಿಡುತ್ತದೆ ಅನ್ನೋದು ಲೆಕ್ಕಾಚಾರ. ಇಂಥ ಬಿಂದುಗಳು ಈಗಿನ ಪಟ್ಟಿಯಲ್ಲಿ 361. ಹಳೆಯ ಗ್ರಂಥದಲ್ಲಿ 365 ಅಂತ ಬರುತ್ತದೆ, ವರ್ಷಕ್ಕಿರುವ ದಿನಗಳಷ್ಟು. ದೇಹ ಕೊಯ್ದು ನೋಡಿ ಸಿಕ್ಕ ಸಂಖ್ಯೆ ಅಲ್ಲ, ಪಂಚಾಂಗ ನೋಡಿ ಸಿಕ್ಕ ಸಂಖ್ಯೆ ಅಂತ ನನಗನ್ನಿಸುತ್ತದೆ. ಈ ಕಾಲುವೆಗಳಾಗಲಿ, ಚಿ ಆಗಲಿ ಇವತ್ತಿನವರೆಗೆ ಯಾವ ಸೂಕ್ಷ್ಮದರ್ಶಕಕ್ಕೂ ಸ್ಕ್ಯಾನಿಗೂ ಸಿಕ್ಕಿಲ್ಲ.

ನಮ್ಮ ಕಡೆ ಇದಕ್ಕೆ ಬೇರೆ ಬಟ್ಟೆ ತೊಡಿಸಿದ್ದಾರೆ. ಚಿ ಅಂದರೆ ಪ್ರಾಣಶಕ್ತಿ, ಕಾಲುವೆ ಅಂದರೆ ನಾಡಿ, ಬಿಂದು ಅಂದರೆ ಮರ್ಮ, ಆದ್ದರಿಂದ ಇದು ಮೂಲದಲ್ಲಿ ನಮ್ಮದೇ ವಿದ್ಯೆ. ಕಾಲುಂಗುರ, ಬಳೆ, ಕಿವಿ ಚುಚ್ಚಿಸುವುದು, ಎಲ್ಲದರ ಹಿಂದೆಯೂ ಅಕ್ಯುಪಂಕ್ಚರ್ ಇದೆ ಅನ್ನುವ ಮೆಸೇಜು ನಿಮಗೂ ಬಂದಿರುತ್ತದೆ, ಅಲ್ವಾ? ಕೇಳಲು ಚೆನ್ನಾಗಿದೆ. ಆದರೆ ಸುಶ್ರುತನ ಪಠ್ಯ ತೆರೆದರೆ ಅಲ್ಲಿರುವ 107 ಮರ್ಮಗಳು ಪೆಟ್ಟು ಬಿದ್ದರೆ ಪ್ರಾಣಕ್ಕೆ ಅಪಾಯವಾಗುವ, ಇಲ್ಲ ಅಂಗ ಊನವಾಗುವ ಜಾಗಗಳು. ಶಸ್ತ್ರ ಹಿಡಿದವನು ಅಲ್ಲಿ ಹುಷಾರಾಗಿರಬೇಕು ಅಂತ ಎಚ್ಚರಿಸಲು ಮಾಡಿದ ಪಟ್ಟಿ ಅದು. ಇಲ್ಲಿ ಚುಚ್ಚು ಅನ್ನುವ ಪಟ್ಟಿಗೂ, ಇಲ್ಲಿ ತಾಗಿಸಬೇಡ ಅನ್ನುವ ಪಟ್ಟಿಗೂ ಅಜಗಜಾಂತರ.

ಸೂಜಿಯ ವಿಷಯಕ್ಕೆ ಬಂದರೆ, ಭಯಪಡುವಂಥದ್ದು ಏನಿಲ್ಲ. ಇಂಜೆಕ್ಷನ್ ಸೂಜಿಯಂತೆ ಒಳಗೆ ಟೊಳ್ಳಿಲ್ಲ. ಕಾಲು ಮಿಲಿಮೀಟರ್ ದಪ್ಪದ ಆಸುಪಾಸಿನ ಉಕ್ಕಿನ ಎಳೆ. ಒಳಗೆ ಹೋದಾಗ ನೋವಿಗಿಂತ ಜೋಮು, ಸೆಳೆತ, ಭಾರ ಅನ್ನಿಸುತ್ತದೆ. ಹಾಗೆ ಅನ್ನಿಸಿದರೇ ಸೂಜಿ ಸರಿಯಾದ ಜಾಗಕ್ಕೆ ಬಿತ್ತು ಅಂತ ಚೀನಾದವರು ತಿಳಿಯುತ್ತಾರೆ.

ಐದು ಸಾವಿರ ವರ್ಷದ ಲೆಕ್ಕ

'ಐದು ಸಾವಿರ ವರ್ಷ ಹಳೆಯ ಚಿಕಿತ್ಸೆ' ಅನ್ನುವ ಬೋರ್ಡು ಎಲ್ಲ ಕಡೆ ಕಾಣುತ್ತದೆ. ಚೀನಾದ ಮಾವಾಂಗ್‌ದುಯಿ ಎಂಬಲ್ಲಿ ಕ್ರಿ.ಪೂ. 168ರ ಒಂದು ಸಮಾಧಿಯಿಂದ 1973ರಲ್ಲಿ ವೈದ್ಯದ ಬರಹಗಳು ಸಿಕ್ಕವು. ಅವುಗಳಲ್ಲಿ ಮೈಯೊಳಗಿನ ಕಾಲುವೆಗಳ ವಿವರ ಇದೆ, ಸೊಪ್ಪು ಸುಟ್ಟು ಶಾಖ ಕೊಡುವುದೂ ಇದೆ. ಸೂಜಿ ಚುಚ್ಚುವ ಪ್ರಸ್ತಾಪವೇ ಇಲ್ಲ. ಸೂಜಿಯ ಮಾತು ವಿವರವಾಗಿ ಬರುವುದು ಅದರ ನಂತರ ರೂಪುಗೊಂಡ 'ಹುವಾಂಗ್‌ದಿ ನೇಯ್‌ಜಿಂಗ್' ಗ್ರಂಥದಲ್ಲಿ. ಅಂದರೆ ಸುಮಾರು ಎರಡು ಸಾವಿರ ವರ್ಷ. ಅದೇನು ಕಡಿಮೆಯೇ? ಆದರೆ ಅಲ್ಲಿರುವ ಒಂಬತ್ತು ಥರದ ಸೂಜಿಗಳಲ್ಲಿ ಕೆಲವು ಸಣ್ಣ ಚಾಕುಗಳೇ. ಕೀವು ತೆಗೆಯಲು, ರಕ್ತ ಬಿಡಲು.

ನಡುವೆ ಅಕ್ಯುಪಂಕ್ಚರ್ ತನ್ನ ಊರಲ್ಲೇ ಮರ್ಯಾದೆ ಕಳೆದುಕೊಂಡಿತ್ತು ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. 1822ರಲ್ಲಿ ಚೀನಾದ ಚಕ್ರವರ್ತಿ ಅರಮನೆಯ ವೈದ್ಯಶಾಲೆಯಿಂದಲೇ ಅದನ್ನು ಹೊರಹಾಕಿದ. 1930ರ ದಶಕದಲ್ಲಿ ಚೆಂಗ್ ದಾನ್‌ಆನ್ ಎಂಬ ವೈದ್ಯರು ಅದಕ್ಕೆ ಹೊಸ ರೂಪ ಕೊಟ್ಟರು. ರಕ್ತನಾಳದ ಮೇಲೆ ಬೀಳುತ್ತಿದ್ದ ಬಿಂದುಗಳನ್ನು ಪಕ್ಕಕ್ಕೆ ಸರಿಸಿದರು, ದಪ್ಪ ಸೂಜಿ ಬಿಟ್ಟು ಕೂದಲಿನಂಥ ಸೂಜಿ ತಂದರು. ಇವತ್ತು ನಮ್ಮೂರಿನ ಕ್ಲಿನಿಕ್ಕಿನಲ್ಲಿ ಹಾಕುವ ಸೂಜಿ ಹೆಚ್ಚುಕಡಿಮೆ ಅವರ ಕಾಲದ್ದು, ಚಕ್ರವರ್ತಿಗಳ ಕಾಲದ್ದಲ್ಲ. ಆಮೇಲೆ ಮಾವೊ ಬಂದರು. ಕೋಟ್ಯಂತರ ಜನ, ಬೆರಳೆಣಿಕೆಯ ಡಾಕ್ಟರುಗಳು. ಹಳ್ಳಿಗೆ ಕಳಿಸಲು ಕೈಗೆ ಸಿಕ್ಕಿದ್ದು ಅಗ್ಗದ ಸೂಜಿ. ಸರ್ಕಾರ ಅದನ್ನು ಎತ್ತಿ ಹಿಡಿಯಿತು. ಸ್ವತಃ ಮಾವೊಗೆ ಚೀನೀ ಮದ್ದಿನಲ್ಲಿ ನಂಬಿಕೆ ಇರಲಿಲ್ಲ ಅಂತ ಅವರ ಖಾಸಗಿ ವೈದ್ಯರು ನಂತರ ಬರೆದಿದ್ದಾರೆ.

ಪಶ್ಚಿಮದವರಿಗೆ ಹುಚ್ಚು ಹಿಡಿದಿದ್ದು ಒಂದು ಅಪೆಂಡಿಕ್ಸಿನಿಂದ. 1971ರ ಜುಲೈನಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ಹೆಸರಾಂತ ಪತ್ರಕರ್ತ ಜೇಮ್ಸ್ ರೆಸ್ಟನ್ ಬೀಜಿಂಗ್‌ಗೆ ಹೋಗಿದ್ದಾಗ ಹೊಟ್ಟೆನೋವು ಬಂತು. ಅಲ್ಲೇ ಆಪರೇಷನ್ ಆಯಿತು. ಊರಿಗೆಲ್ಲ ಹಬ್ಬಿದ ಕಥೆ ಏನೆಂದರೆ, ಅರಿವಳಿಕೆಯ ಬದಲು ಬರೀ ಸೂಜಿ ಚುಚ್ಚಿ ಹೊಟ್ಟೆ ಕೊಯ್ದರು ಅಂತ. ಈಗಲೂ ಇದನ್ನು ಹೇಳುವವರಿದ್ದಾರೆ. ರೆಸ್ಟನ್ ಸ್ವತಃ ಬರೆದಿದ್ದು ಬೇರೆ. ಆಪರೇಷನ್‌ಗೆ ಮಾಮೂಲಿ ಅರಿವಳಿಕೆ ಇಂಜೆಕ್ಷನ್ನೇ ಕೊಟ್ಟಿದ್ದರು. ಆಮೇಲೆ ಹೊಟ್ಟೆಯಲ್ಲಿ ಗ್ಯಾಸ್ ತುಂಬಿ ಸಂಕಟವಾದಾಗ ಮೊಣಕೈ ಮತ್ತು ಮಂಡಿಯ ಕೆಳಗೆ ಮೂರು ಸೂಜಿ ಹಾಕಿ, ಹೊಟ್ಟೆಯ ಹತ್ತಿರ ಸೊಪ್ಪು ಸುಟ್ಟು ಶಾಖ ಹಿಡಿದರು. ಒಂದು ಗಂಟೆಯೊಳಗೆ ಹಗುರಾಯಿತು. ಆಪರೇಷನ್ ಆದಮೇಲೆ ಗ್ಯಾಸ್ ಎಷ್ಟೋ ಸಲ ತಾನಾಗಿಯೇ ಹೋಗುತ್ತದೆ ಅನ್ನೋದನ್ನು ಯಾರೂ ಕೇಳಲಿಲ್ಲ. ಮುಂದಿನ ಫೆಬ್ರವರಿಯಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾಕ್ಕೆ ಹೋದರು, ಸೂಜಿ ಅಮೆರಿಕಕ್ಕೆ ಬಂತು.

ಭಾರತಕ್ಕೆ ಅದಕ್ಕೂ ಮೊದಲೇ ಬಂದಿತ್ತು. 1938ರಲ್ಲಿ ಜಪಾನಿನ ದಾಳಿಯಲ್ಲಿ ನಲುಗಿದ್ದ ಚೀನಾಕ್ಕೆ ಕಾಂಗ್ರೆಸ್ಸು ಐವರು ಡಾಕ್ಟರುಗಳನ್ನು ಕಳಿಸಿತ್ತು. ಅವರಲ್ಲಿ ನಮಗೆಲ್ಲ ಗೊತ್ತಿರುವ ಹೆಸರು ಸೊಲ್ಲಾಪುರದ ದ್ವಾರಕಾನಾಥ ಕೋಟ್ನಿಸ್. ಅವರು 1942ರಲ್ಲಿ ಅಲ್ಲೇ ತೀರಿಕೊಂಡರು. ಅದೇ ತಂಡದ ಬಂಗಾಳದ ಡಾ. ಬಿ.ಕೆ. ಬಸು ವಾಪಸು ಬಂದರು. 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ ಸೂಜಿ ವಿದ್ಯೆ ಕಲಿತು ಕೋಲ್ಕತ್ತಾದಲ್ಲಿ ಶುರುಮಾಡಿದರು. ಪಶ್ಚಿಮ ಬಂಗಾಳ 1996ರಲ್ಲೇ ಇದಕ್ಕೊಂದು ಕಾಯ್ದೆ ಮಾಡಿದ್ದರ ಬೇರು ಅಲ್ಲಿದೆ.

ನಾಟಕದ ಚಾಕು

ಹಳೆಯದು ಅನ್ನುವುದು ಸಾಕ್ಷಿಯಲ್ಲ. ಪಕ್ಕದ ಮನೆಯವರಿಗೆ ವಾಸಿಯಾಯಿತು ಅನ್ನುವುದೂ ಅಲ್ಲ. ನೋವು ತೀರಾ ಜಾಸ್ತಿಯಾದಾಗಲೇ ನಾವು ಚಿಕಿತ್ಸೆ ಹುಡುಕಿಕೊಂಡು ಹೋಗುವುದು. ತುದಿಗೆ ಏರಿದ ನೋವು ಸಾಮಾನ್ಯವಾಗಿ ಇಳಿಯುತ್ತದೆ. ಆ ಹೊತ್ತಿಗೆ ಏನು ಮಾಡಿಸಿಕೊಂಡಿರುತ್ತೇವೋ ಅದಕ್ಕೆ ಹೆಸರು ಬರುತ್ತದೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅನ್ನುತ್ತೇವಲ್ಲ, ಅದು. ಹಾಗಾಗಿ ಹೋಲಿಸಿ ನೋಡಬೇಕು.

ಮಾತ್ರೆಗಾದರೆ ಹೋಲಿಕೆ ಸುಲಭ. ಅದೇ ಬಣ್ಣದ ಸಕ್ಕರೆ ಮಾತ್ರೆ ಕೊಟ್ಟರಾಯಿತು. ಸುಳ್ಳು ಸೂಜಿ ಚುಚ್ಚುವುದು ಹೇಗೆ? ಜರ್ಮನಿಯ ಸಂಶೋಧಕರು 1998ರಲ್ಲಿ ಒಂದು ಉಪಾಯ ತೋರಿಸಿದರು. ಕಂಪನಿ ನಾಟಕದಲ್ಲಿ ಎದೆಗೆ ಇರಿದ ಚಾಕು ಹಿಡಿಯೊಳಗೆ ಸರಿದುಹೋಗುತ್ತದಲ್ಲ, ಹಾಗೇ ಒತ್ತಿದರೆ ತನ್ನ ಹಿಡಿಯೊಳಗೇ ಸರಿದುಕೊಳ್ಳುವ ಮೊಂಡು ಸೂಜಿ. ಚುಚ್ಚಿದಂತೆ ಕಾಣುತ್ತದೆ, ಅನ್ನಿಸುತ್ತದೆ, ಆದರೆ ಚರ್ಮ ದಾಟುವುದಿಲ್ಲ. ಇನ್ನು ಕೆಲವು ಪ್ರಯೋಗಗಳಲ್ಲಿ ನಿಜವಾದ ಸೂಜಿಯನ್ನೇ ಬಿಂದುವಲ್ಲದ ಜಾಗದಲ್ಲಿ, ಆಳಕ್ಕೆ ಹೋಗದಂತೆ ಹಾಕಿದರು.

ಜರ್ಮನಿಯಲ್ಲೇ ದೊಡ್ಡ ದೊಡ್ಡ ಪ್ರಯೋಗಗಳು ನಡೆದವು. ಮೈಗ್ರೇನಿನ 302 ಜನರ ಮೇಲೆ ನಡೆದದ್ದರ ಫಲಿತಾಂಶ 2005ರಲ್ಲಿ ಬಂತು. ತಲೆನೋವಿನ ದಿನಗಳು ಅರ್ಧದಷ್ಟಾದರೂ ಕಡಿಮೆಯಾದವರು ಸರಿಯಾದ ಸೂಜಿಯಲ್ಲಿ ಶೇ. 51, ಸುಳ್ಳು ಸೂಜಿಯಲ್ಲಿ ಶೇ. 53, ಏನೂ ಮಾಡದೆ ಸರದಿಗೆ ಕಾಯುತ್ತಿದ್ದವರಲ್ಲಿ ಶೇ. 15. ಸೊಂಟನೋವಿನ 1,162 ಜನರ ಮೇಲೆ ನಡೆದದ್ದು 2007ರಲ್ಲಿ ಪ್ರಕಟವಾಯಿತು. ಆರು ತಿಂಗಳ ನಂತರ ಸಾಕಷ್ಟು ಆರಾಮ ಕಂಡವರು ಸರಿಯಾದ ಸೂಜಿಯಲ್ಲಿ ಶೇ. 47.6, ಸುಳ್ಳು ಸೂಜಿಯಲ್ಲಿ ಶೇ. 44.2. ಮಾತ್ರೆ, ಫಿಸಿಯೋಥೆರಪಿ, ವ್ಯಾಯಾಮ ಕೊಟ್ಟವರಲ್ಲಿ ಶೇ. 27.4.

ಈ ಕೊನೆಯ ಅಂಕಿಯ ಮೇಲೆ ಸ್ವಲ್ಪ ನಿಲ್ಲಬೇಕು. ಸುಳ್ಳು ಸೂಜಿ ಕೂಡ ಆಸ್ಪತ್ರೆಯ ಮಾಮೂಲಿ ಚಿಕಿತ್ಸೆಯನ್ನು ಹಿಂದೆ ಹಾಕಿದೆ. ಅಕ್ಯುಪಂಕ್ಚರ್ ಬರೀ ಮೋಸ ಅನ್ನುವವರು ಈ ಅಂಕಿಯನ್ನು ನುಂಗಿಕೊಂಡುಬಿಡುತ್ತಾರೆ.

ಇಂಥ ಅನೇಕ ಪ್ರಯೋಗಗಳ ರೋಗಿಗಳ ವಿವರ ಒಟ್ಟುಹಾಕಿ ಲೆಕ್ಕ ಹಾಕಿದವರು ಆಂಡ್ರೂ ವಿಕರ್ಸ್ ಮತ್ತು ಅವರ ತಂಡ. 2012ರಲ್ಲಿ 29 ಪ್ರಯೋಗಗಳ 17,922 ಜನ. 2018ರಲ್ಲಿ ಅದು 39 ಪ್ರಯೋಗ, 20,827 ಜನ ಆಯಿತು. ಅವರೇ ಕೊಟ್ಟ ಉದಾಹರಣೆ ನನಗೆ ಬಹಳ ಹಿಡಿಸಿತು. ನೂರಕ್ಕೆ 60ರಷ್ಟು ನೋವಿದೆ ಅಂದುಕೊಳ್ಳಿ. ಸೂಜಿ ಇಲ್ಲದವರಲ್ಲಿ ಅದು 43ಕ್ಕೆ ಇಳಿಯುತ್ತದೆ. ಸುಳ್ಳು ಸೂಜಿಯವರಲ್ಲಿ 35ಕ್ಕೆ. ಸರಿಯಾದ ಸೂಜಿಯವರಲ್ಲಿ 30ಕ್ಕೆ. ಒಟ್ಟು 30 ಅಂಕ ಇಳಿದದ್ದರಲ್ಲಿ 17 ಕಾಲದ ಪಾಲು ಮತ್ತು ಬೇರೆ ಚಿಕಿತ್ಸೆಯ ಪಾಲು. ಎಂಟು ಚಿಕಿತ್ಸೆ ಅನ್ನುವ ಇಡೀ ಸನ್ನಿವೇಶದ ಪಾಲು. ಉಳಿದ ಐದು ನಿಜವಾದ ಸೂಜಿಯದು. ಸೊನ್ನೆಯಲ್ಲ. ಆದರೆ 361 ಬಿಂದುಗಳನ್ನು ವರ್ಷಗಟ್ಟಲೆ ಬಾಯಿಪಾಠ ಮಾಡಿದ್ದಕ್ಕೆ ಸಿಕ್ಕ ಸಂಬಳ ಇಷ್ಟೇನಾ ಅನ್ನಿಸುತ್ತದೆ.

ಅಕ್ಯುಪಂಕ್ಚರ್ ಪರವಾಗಿರುವವರ ಬಳಿ ಇದಕ್ಕೊಂದು ಉತ್ತರ ಇದೆ, ಕೇಳಬೇಕಾದ ಉತ್ತರವೇ. ಸುಳ್ಳು ಸೂಜಿ ಸಕ್ಕರೆ ಮಾತ್ರೆಯ ಹಾಗಲ್ಲ. ಚರ್ಮವನ್ನು ಒತ್ತಿದರೂ ನರಕ್ಕೆ ಗೊತ್ತಾಗುತ್ತದೆ, ಆದ್ದರಿಂದ ಅದೂ ಅರೆ ಚಿಕಿತ್ಸೆ ಅನ್ನುತ್ತಾರೆ. ಇರಬಹುದು. ಒಪ್ಪಿಕೊಂಡರೆ ಎಲ್ಲಿ ಒತ್ತಿದರೂ ನಡೆಯುತ್ತದೆ ಅಂತಾಯಿತು. ಆಗ ಕಾಲುವೆಯ ಕಥೆ ಎಲ್ಲಿ ಹೋಯಿತು?

ಸಂಶೋಧನೆ ಎಲ್ಲಿ ನಡೆದಿದೆ ಅನ್ನುವುದನ್ನೂ ನೋಡಬೇಕು. 1998ರಲ್ಲಿ ಇದೇ ವಿಕರ್ಸ್ ಮತ್ತು ಜೊತೆಗಾರರು ಲೆಕ್ಕ ಹಾಕಿದಾಗ ಚೀನಾದಿಂದ ಬಂದ ಅಕ್ಯುಪಂಕ್ಚರ್ ಪ್ರಯೋಗಗಳೆಲ್ಲ ಗೆದ್ದಿದ್ದವು. ಒಂದೂ ಸೋತಿರಲಿಲ್ಲ. ಎಲ್ಲ ಮಕ್ಕಳೂ ಫಸ್ಟ್ ಕ್ಲಾಸಿನಲ್ಲಿ ಪಾಸಾದರೆ ಪೇಪರ್ ತಿದ್ದಿದವರ ಮೇಲೆ ಅನುಮಾನ ಬರುತ್ತದೆ.

ಉಸಿರು ಹಗುರಾಯಿತು, ಶ್ವಾಸಕೋಶ ಹಾಗೇ ಇತ್ತು

ಇಷ್ಟೆಲ್ಲ ಪ್ರಯೋಗಗಳಲ್ಲಿ ನನ್ನ ಅಭಿಪ್ರಾಯವನ್ನು ಗಟ್ಟಿ ಮಾಡಿದ್ದು ಒಂದು ಸಣ್ಣ ಪ್ರಯೋಗ. ಬಾಸ್ಟನ್‌ನಲ್ಲಿ ನಡೆದದ್ದು, 2011ರಲ್ಲಿ ಪ್ರಕಟವಾದದ್ದು. 46 ಜನ ಅಸ್ತಮಾ ರೋಗಿಗಳು. ಒಂದೊಂದು ಸಲ ಒಂದೊಂದು ಚಿಕಿತ್ಸೆ: ನಿಜವಾದ ಇನ್‌ಹೇಲರ್, ಮದ್ದಿಲ್ಲದ ಖಾಲಿ ಇನ್‌ಹೇಲರ್, ಸುಳ್ಳು ಸೂಜಿ, ಮತ್ತೆ ಏನೂ ಇಲ್ಲ. ಪ್ರತಿ ಸಲವೂ ಎರಡು ಕೆಲಸ ಮಾಡಿದರು. ಉಸಿರಾಟ ಹೇಗನ್ನಿಸುತ್ತಿದೆ ಅಂತ ಕೇಳಿದರು. ಯಂತ್ರಕ್ಕೆ ಊದಿಸಿ ಶ್ವಾಸಕೋಶ ಎಷ್ಟು ತೆರೆದಿದೆ ಅಂತ ಅಳೆದರು.

ಕೇಳಿದಾಗ ಸಿಕ್ಕ ಉತ್ತರ: ನಿಜವಾದ ಇನ್‌ಹೇಲರ್‌ನಿಂದ ಶೇ. 50ರಷ್ಟು ಆರಾಮ, ಖಾಲಿ ಇನ್‌ಹೇಲರ್‌ನಿಂದ 45, ಸುಳ್ಳು ಸೂಜಿಯಿಂದ 46, ಸುಮ್ನೆ ಕೂತವರಿಗೆ 21. ಮೂರೂ ಚಿಕಿತ್ಸೆಗಳು ಸರಿಸಮ. ಅಳೆದಾಗ ಸಿಕ್ಕ ಉತ್ತರ: ನಿಜವಾದ ಇನ್‌ಹೇಲರ್‌ನಿಂದ ಉಸಿರಿನ ಬಲ ಶೇ. 20 ಏರಿತ್ತು. ಖಾಲಿ ಇನ್‌ಹೇಲರ್, ಸುಳ್ಳು ಸೂಜಿ, ಸುಮ್ನೆ ಕೂತದ್ದು, ಮೂರರಲ್ಲೂ ಶೇ. 7ರ ಸುಮಾರು.

ರೋಗಿಗಳು ಸುಳ್ಳು ಹೇಳಲಿಲ್ಲ. ಅವರಿಗೆ ನಿಜವಾಗಿಯೂ ಹಗುರ ಅನ್ನಿಸಿತ್ತು. ಶ್ವಾಸನಾಳ ಮಾತ್ರ ಮುಚ್ಚಿಕೊಂಡೇ ಇತ್ತು. ರಾತ್ರಿ ಎರಡು ಗಂಟೆಗೆ ಅಸ್ತಮಾ ಕೆರಳಿದಾಗ ಈ ವ್ಯತ್ಯಾಸವೇ ಬದುಕು ಸಾವಿನ ವ್ಯತ್ಯಾಸ.

ಇಲ್ಲಿಂದ ಒಂದು ಗೆರೆ ಎಳೆಯಬಹುದು. ಕೆಲವು ಕಾಯಿಲೆಗಳಲ್ಲಿ ಅನ್ನಿಸುವುದೇ ಕಾಯಿಲೆ. ಸೊಂಟನೋವು, ಮಂಡಿನೋವು, ಕುತ್ತಿಗೆ ಹಿಡಿತ, ತಲೆನೋವು. ಎಕ್ಸ್‌ರೇ ಏನೇ ಹೇಳಲಿ, ನೋವು ಕಡಿಮೆ ಅನ್ನಿಸಿದರೆ ಕಡಿಮೆಯೇ. ಅಲ್ಲಿ ಸೂಜಿಗೆ ಜಾಗ ಇದೆ. ಇನ್ನು ಕೆಲವು ಕಾಯಿಲೆಗಳಲ್ಲಿ ನಮಗೆ ಏನನ್ನಿಸುತ್ತದೆ ಅನ್ನುವುದು ಮುಖ್ಯವೇ ಅಲ್ಲ. ಶುಗರ್, ಬಿಪಿ, ಥೈರಾಯ್ಡ್, ಅಸ್ತಮಾ, ಕ್ಯಾನ್ಸರ್, ಸೋಂಕು. ಅಲ್ಲಿ ಅಳತೆಯೇ ಮಾತಾಡಬೇಕು. ಮಕ್ಕಳಾಗದವರಿಗೂ ಸೂಜಿ ಹಾಕುತ್ತಾರೆ. ಐವಿಎಫ್ ಮಾಡಿಸಿಕೊಳ್ಳುತ್ತಿದ್ದ 848 ಹೆಂಗಸರ ಮೇಲೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲಿ ಪ್ರಯೋಗ ನಡೆದು 2018ರಲ್ಲಿ ಫಲಿತಾಂಶ ಬಂತು. ಮಗು ಹುಟ್ಟಿದ್ದು ಸರಿಯಾದ ಸೂಜಿಯವರಲ್ಲಿ ಶೇ. 18.3, ಸುಳ್ಳು ಸೂಜಿಯವರಲ್ಲಿ ಶೇ. 17.8. ಮಗು ಹುಟ್ಟಿತಾ ಇಲ್ವಾ ಅನ್ನುವುದರಲ್ಲಿ 'ಅನ್ನಿಸಿತು' ಅನ್ನುವುದಕ್ಕೆ ಜಾಗವೇ ಇಲ್ಲ, ನೋಡಿ.

ವಾಂತಿ ಈ ಗೆರೆಯ ನಡುವೆ ಇದೆ. ಅಂಗೈ ಬುಡದ ಗೆರೆಯಿಂದ ಮೊಣಕೈ ಕಡೆಗೆ ಮೂರು ಬೆರಳು ದೂರದಲ್ಲಿ, ಎರಡು ಸ್ನಾಯುರಜ್ಜುಗಳ ನಡುವೆ ಒಂದು ಬಿಂದು ಇದೆ. ಆಪರೇಷನ್ ಆದಮೇಲೆ ಬರುವ ವಾಂತಿ, ಹೊಟ್ಟೆ ತೊಳಸುವುದು ಅಲ್ಲಿ ಒತ್ತಿದರೆ ಅಥವಾ ಚುಚ್ಚಿದರೆ ಕಡಿಮೆಯಾಗುತ್ತದೆ ಅನ್ನುವುದಕ್ಕೆ ಸಾಕಷ್ಟು ಪ್ರಯೋಗಗಳ ಬೆಂಬಲ ಇದೆ.

ಹಾಗಾದರೆ ಮೈಯೊಳಗೆ ಏನೂ ಆಗುವುದೇ ಇಲ್ವಾ? ಆಗುತ್ತದೆ. ಸೂಜಿ ಚುಚ್ಚಿದಾಗ ಮೆದುಳು ಎಂಡಾರ್ಫಿನ್ ಬಿಡುತ್ತದೆ, ಅದು ಅಫೀಮಿನಂತೆ ಕೆಲಸ ಮಾಡುವ, ನಮ್ಮದೇ ಮೈಯ ನೋವಿನ ಮಾತ್ರೆ ಅನ್ನುವ ವಾದ 1970ರ ದಶಕದ್ದು. ಅಫೀಮಿನ ಕೆಲಸ ತಡೆಯುವ ಮದ್ದು ಕೊಟ್ಟಾಗ ಸೂಜಿಯ ಪರಿಣಾಮವೂ ಕುಗ್ಗಿದ್ದನ್ನು ಆಗಲೇ ಕಂಡಿದ್ದರು. 2010ರಲ್ಲಿ ಅಮೆರಿಕದ ರೋಚೆಸ್ಟರ್‌ನಲ್ಲಿ ಇಲಿಗಳ ಮಂಡಿಯ ಹತ್ತಿರ ಸೂಜಿ ಹಾಕಿ ತಿರುಗಿಸಿದಾಗ ಆ ಜಾಗದಲ್ಲಿ ಅಡೆನೊಸಿನ್ ಅನ್ನುವ ವಸ್ತು ಏರಿತು, ನೋವು ಇಳಿಯಿತು. ಅದು ನೋವಿನ ನರವನ್ನು ತಣ್ಣಗೆ ಮಾಡುತ್ತದೆ. ಕಾಫಿ ಕೆಲಸ ಮಾಡುವುದೂ ಇದೇ ಅಡೆನೊಸಿನ್‌ಗೆ ಅಡ್ಡ ನಿಂತು. ಫಿಲ್ಟರ್ ಕಾಫಿ ಕುಡಿದು ಸೂಜಿ ಹಾಕಿಸಿಕೊಳ್ಳಲು ಹೋದರೆ ಏನಾಗುತ್ತೋ! ಇಲ್ಲೆಲ್ಲ ಇರುವುದು ನರ, ರಸಾಯನ, ಮೆದುಳು. ಚಿ ಬೇಕಾಗಿಲ್ಲ. ಫಿಸಿಯೋಥೆರಪಿಯವರು ಗಂಟುಕಟ್ಟಿದ ಸ್ನಾಯುವಿಗೆ ಅದೇ ಸೂಜಿ ಹಾಕಿ 'ಡ್ರೈ ನೀಡ್ಲಿಂಗ್' ಅನ್ನುವುದೂ ಇದಕ್ಕೇ.

ಒಂದೇ ಅಂಕಿ, ಬೇರೆ ಬೇರೆ ತೀರ್ಪು

ಸರ್ಕಾರಗಳು ಈ ಅಂಕಿಗಳನ್ನು ಹೇಗೆ ಓದಿವೆ ಅನ್ನುವುದು ನನಗೆ ಪ್ರಯೋಗಗಳಷ್ಟೇ ಕುತೂಹಲ. ಜರ್ಮನಿ 2006ರಲ್ಲಿ ಬಹುದಿನದ ಸೊಂಟನೋವು ಮತ್ತು ಮಂಡಿ ಸವೆತಕ್ಕೆ ಅಕ್ಯುಪಂಕ್ಚರ್ ಖರ್ಚನ್ನು ಆರೋಗ್ಯ ವಿಮೆಯಿಂದ ಕೊಡಲು ಒಪ್ಪಿತು. ಸುಳ್ಳು ಸೂಜಿಗೂ ನಿಜಕ್ಕೂ ವ್ಯತ್ಯಾಸ ಕಡಿಮೆಯಾದರೇನು, ಮಾಮೂಲಿ ಚಿಕಿತ್ಸೆಗಿಂತ ಚೆನ್ನಾಗಿದೆಯಲ್ಲ ಅನ್ನುವ ಲೆಕ್ಕ. ಯಾವ ಚಿಕಿತ್ಸೆ ಕೊಡಬಹುದು ಅಂತ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2009ರಲ್ಲಿ ಸೊಂಟನೋವಿಗೆ ಇರಲಿ ಅಂದಿತ್ತು. ಸುಳ್ಳು ಸೂಜಿಗಿಂತ ಮೇಲಲ್ಲ ಅಂತ 2016ರಲ್ಲಿ ಬೇಡ ಅಂದಿತು. 2021ರಲ್ಲಿ, ಕಾರಣ ಗೊತ್ತಿಲ್ಲದೆ ಉಳಿಯುವ ಬಹುದಿನದ ನೋವಿಗೆ ಮತ್ತೆ ಇರಲಿ ಅಂದಿತು. ವಯಸ್ಸಾದವರಿಗೆ ಅಮೆರಿಕ ಸರ್ಕಾರ ಕೊಡುವ ಆರೋಗ್ಯ ವಿಮೆ ಮೆಡಿಕೇರ್ 2020ರ ಜನವರಿಯಿಂದ ಬಹುದಿನದ ಸೊಂಟನೋವಿಗೆ 90 ದಿನದಲ್ಲಿ 12 ಸಲದವರೆಗೆ ಹಣ ಕೊಡುತ್ತದೆ. ಅಲ್ಲಿ ಅಫೀಮು ಜಾತಿಯ ನೋವಿನ ಮಾತ್ರೆಗಳು ಲಕ್ಷಾಂತರ ಜನರನ್ನು ಚಟಕ್ಕೆ ಬೀಳಿಸಿದ್ದವು. ಆ ಮಾತ್ರೆಯ ಮುಂದೆ ಹಲ್ಲುಕಡ್ಡಿಯೂ ದೇವರೇ.

ನಮ್ಮಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ 2003ರ ನವೆಂಬರಿನಲ್ಲಿ, ನೋಂದಾಯಿತ ವೈದ್ಯರು ಅಥವಾ ಸರಿಯಾದ ತರಬೇತಿ ಪಡೆದವರು ಇದನ್ನು ಚಿಕಿತ್ಸೆಯ ಒಂದು ವಿಧಾನವಾಗಿ ಬಳಸಬಹುದು ಅಂದಿತು. 2019ರ ಫೆಬ್ರವರಿಯಲ್ಲಿ ಸ್ವತಂತ್ರ ಚಿಕಿತ್ಸಾ ಪದ್ಧತಿ ಅಂತ ಮಾನ್ಯತೆಯೂ ಸಿಕ್ಕಿತು. ಮಹಾರಾಷ್ಟ್ರ 2015ರ ಕಾಯ್ದೆಯಲ್ಲಿ ಪ್ರತ್ಯೇಕ ಮಂಡಳಿ ಮಾಡಿಕೊಂಡಿದೆ. ಆಯುಷ್ ಅನ್ನುವ ಹೆಸರಿನೊಳಗೆ ಅಕ್ಯುಪಂಕ್ಚರ್ ಇಲ್ಲ. ಆದರೆ ಐದೂವರೆ ವರ್ಷದ ಬಿಎನ್‌ವೈಎಸ್ ಪದವಿ ಇದೆಯಲ್ಲ, ಉಜಿರೆಯಂಥ ಕಡೆ ಓದುವ ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಕೋರ್ಸು, ಅದರಲ್ಲಿ ಅಕ್ಯುಪಂಕ್ಚರ್ ಒಂದು ಪಾಠ. ಹಾಗಾಗಿ ಕರ್ನಾಟಕದಲ್ಲಿ ಬಹಳ ಜನ ಸೂಜಿಯನ್ನು ಮೊದಲು ನೋಡುವುದು ಪ್ರಕೃತಿ ಚಿಕಿತ್ಸಾಲಯದಲ್ಲೇ, ಮಣ್ಣಿನ ಪಟ್ಟಿ, ಹಬೆ ಸ್ನಾನದ ಜೊತೆ. ಇನ್ನೊಂದು ತುದಿಯಲ್ಲಿ, ಕೆಲವೇ ದಿನದ ಕೋರ್ಸು ಮಾಡಿ ಫ್ರೇಮು ಹಾಕಿದ ಸರ್ಟಿಫಿಕೇಟು ತೂಗುಹಾಕಿಕೊಂಡವರೂ ಇದ್ದಾರೆ. ಬೋರ್ಡಿನಲ್ಲಿ ಇಬ್ಬರೂ ಒಂದೇ ಥರ ಕಾಣುತ್ತಾರೆ. ಸಮಸ್ಯೆ ಇರುವುದು ಅಲ್ಲಿ.

ಸೂಜಿಯೇ ಅಪಾಯ ಮಾಡುವುದು ಅಪರೂಪ. ಜರ್ಮನಿಯಲ್ಲಿ ಡಾಕ್ಟರುಗಳ ಕೈಯಲ್ಲಿ ಸೂಜಿ ಹಾಕಿಸಿಕೊಂಡ 2,29,230 ಜನರನ್ನು ವಿಚಾರಿಸಿದಾಗ ಶೇ. 8.6ರಷ್ಟು ಮಂದಿಗೆ ಏನಾದರೊಂದು ತೊಂದರೆ ಆಗಿತ್ತು. ಹೆಚ್ಚಿನವು ಸ್ವಲ್ಪ ರಕ್ತ, ಕಂದು ಕಟ್ಟುವುದು, ನೋವು. ಇಬ್ಬರಿಗೆ ಮಾತ್ರ ಸೂಜಿ ಶ್ವಾಸಕೋಶಕ್ಕೆ ತಾಗಿ ಗಾಳಿ ಸೋರಿತ್ತು. ಹೆಗಲು, ಎದೆ, ಬೆನ್ನಿನ ಮೇಲ್ಭಾಗದಲ್ಲಿ ಆಳಕ್ಕೆ ಚುಚ್ಚಿದರೆ ಹೀಗಾಗುತ್ತದೆ. ಒಬ್ಬರ ಸೂಜಿ ಇನ್ನೊಬ್ಬರಿಗೆ ಹಾಕಿದ್ದರಿಂದ ಹೆಪಟೈಟಿಸ್ ಬಿ ಹರಡಿದ ಉದಾಹರಣೆಗಳೂ ಬೇರೆ ಬೇರೆ ದೇಶಗಳಲ್ಲಿ ಇವೆ.

ನಿಜವಾದ ಅಪಾಯ ಸೂಜಿಯ ಜೊತೆ ಬರುವ ಮಾತಿನಲ್ಲಿದೆ. "ಇಂಗ್ಲಿಷ್ ಮದ್ದು ಬಿಟ್ಟುಬಿಡಿ", "ಆಸ್ಪತ್ರೆಗೆ ಹೋದರೆ ಕತ್ತರಿ ಹಾಕ್ತಾರೆ", "ಸ್ಕ್ಯಾನಿಂಗ್ ಯಾಕೆ, ನಾಡಿ ನೋಡಿದರೆ ಗೊತ್ತಾಗುತ್ತೆ". 2024ರ ಫೆಬ್ರವರಿಯಲ್ಲಿ ತಿರುವನಂತಪುರದಲ್ಲಿ ಮನೆಯಲ್ಲೇ ಹೆರಿಗೆ ಮಾಡಿಸಲು ಹೋಗಿ ತಾಯಿ ಮಗು ಇಬ್ಬರೂ ತೀರಿಕೊಂಡರು. ಗಂಡನ ಜೊತೆಗೆ ಅಕ್ಯುಪಂಕ್ಚರ್ ಮಾಡುತ್ತಿದ್ದ ಒಬ್ಬರನ್ನೂ ಪೊಲೀಸರು ಬಂಧಿಸಿದರು. ಹೆರಿಗೆ ಗಂಟು ಬಿದ್ದಾಗ ಬೇಕಾಗಿದ್ದು ರಕ್ತ, ಆಪರೇಷನ್ ಥಿಯೇಟರ್, ಪ್ರಸೂತಿ ತಜ್ಞರು. ಅದರ ಬದಲಿಗೆ ಅಲ್ಲಿದ್ದದ್ದು ಒಂದು ನಂಬಿಕೆ.

ಎಂಟು ಅಂಕ ಎಲ್ಲಿಂದ ಬಂದವು

43ರಿಂದ 35ಕ್ಕೆ ಇಳಿದ ಆ ಎಂಟು ಅಂಕಗಳಿಗೆ ವಾಪಸು ಬರುತ್ತೇನೆ. ಸೂಜಿಯ ಐದಕ್ಕಿಂತ ಅವೇ ಜಾಸ್ತಿ. ಅವು ಎಲ್ಲಿಂದ ಬಂದವು?

2008ರಲ್ಲಿ ಹಾರ್ವರ್ಡ್‌ನ ಟೆಡ್ ಕ್ಯಾಪ್ಚುಕ್ ತಂಡ ಇದನ್ನೇ ಹುಡುಕಿತು. ಕ್ಯಾಪ್ಚುಕ್ ಸ್ವತಃ ಚೀನೀ ವೈದ್ಯ ಕಲಿತವರು. ಕರುಳಿನ ತೊಂದರೆಯಿಂದ ಹೊಟ್ಟೆನೋವು, ಭೇದಿ, ಮಲಬದ್ಧತೆ ಅನುಭವಿಸುತ್ತಿದ್ದ 262 ಜನ. ಈ ಸಲ ಮುಖ್ಯ ಗುಂಪುಗಳಲ್ಲಿ ನಿಜವಾದ ಸೂಜಿಯೇ ಇರಲಿಲ್ಲ. ಒಂದು ಗುಂಪು ಬರೀ ಕಾಯಿತು. ಇನ್ನೊಂದಕ್ಕೆ ಸುಳ್ಳು ಸೂಜಿ, ಜಾಸ್ತಿ ಮಾತಿಲ್ಲ. ಮೂರನೆಯದಕ್ಕೆ ಅದೇ ಸುಳ್ಳು ಸೂಜಿ, ಆದರೆ ಮೊದಲ ಭೇಟಿಯಲ್ಲೇ 45 ನಿಮಿಷ ಕೂರಿಸಿಕೊಂಡು, ಕಷ್ಟ ಕೇಳಿ, ಕೈ ಮುಟ್ಟಿ, ನಿಮ್ಮ ತೊಂದರೆ ನನಗೆ ಅರ್ಥವಾಗುತ್ತಿದೆ ಅಂತ ಹೇಳಿ, ಆಮೇಲೆ ಚುಚ್ಚಿದ ನಾಟಕ. ಮೂರು ವಾರಕ್ಕೆ ಸಾಕಷ್ಟು ಆರಾಮ ಅಂದವರು ಕಾದವರಲ್ಲಿ ಶೇ. 28, ಬರೀ ಸುಳ್ಳು ಸೂಜಿಯಲ್ಲಿ 44, ಮಾತು ಸೇರಿದ ಸುಳ್ಳು ಸೂಜಿಯಲ್ಲಿ 62.

ಈಗ ನಮ್ಮ ಆಸ್ಪತ್ರೆಗೆ ಬನ್ನಿ. ಬೇರೆ ಬೇರೆ ದೇಶಗಳಲ್ಲಿ ಡಾಕ್ಟರು ರೋಗಿಗೆ ಎಷ್ಟು ಹೊತ್ತು ಕೊಡುತ್ತಾರೆ ಅಂತ 2017ರಲ್ಲಿ ಒಂದು ಲೆಕ್ಕ ಬಂತು. ಸ್ವೀಡನ್‌ನಲ್ಲಿ 22 ನಿಮಿಷದ ಮೇಲೆ. ಬಾಂಗ್ಲಾದೇಶದಲ್ಲಿ 48 ಸೆಕೆಂಡು. ನಮ್ಮಲ್ಲಿ ಸುಮಾರು ಎರಡು ನಿಮಿಷ. ಎರಡು ನಿಮಿಷದಲ್ಲಿ ಸೀರೆ ಸರಿಮಾಡಿಕೊಂಡು ಕೂತು "ಮಂಡಿ..." ಅನ್ನುವಷ್ಟರಲ್ಲಿ ಚೀಟಿ ಕೈಗೆ ಬಂದಿರುತ್ತದೆ. ಇದು ಡಾಕ್ಟರುಗಳ ತಪ್ಪು ಅಂತಲ್ಲ. ಹೊರಗೆ ಇನ್ನೂ ಎಂಬತ್ತು ಜನ ಕಾಯುತ್ತಿರುತ್ತಾರೆ. ಆದರೆ ಅದೇ ಹೆಂಗಸನ್ನು ಸೂಜಿ ಹಾಕುವವರು ಮಲಗಿಸಿ, ಅರ್ಧ ಗಂಟೆ ಪಕ್ಕದಲ್ಲಿದ್ದು, ಎಲ್ಲಿ ನೋವು, ಯಾವಾಗಿನಿಂದ, ನಿದ್ದೆ ಬರುತ್ತಾ, ಮಗಳ ಮದುವೆ ಆಯಿತಾ ಅಂತೆಲ್ಲ ಕೇಳುತ್ತಾರೆ.

ನಮ್ಮತ್ತೆಗೆ ಕೊನೆಗೆ ನಾನು ಹೇಳಿದ್ದು ಇಷ್ಟು. ಹೋಗಿ, ಮಂಡಿಗೆ ಮಾತ್ರ. ಮೊದಲು ಮೂಳೆ ಡಾಕ್ಟರಿಗೆ ತೋರಿಸಿ, ಬೇರೇನೂ ಇಲ್ಲ ಅಂತ ಖಚಿತವಾದಮೇಲೆ. ಸೂಜಿಯ ಪ್ಯಾಕೆಟ್ಟು ನಿಮ್ಮ ಕಣ್ಣೆದುರೇ ಹರಿದು ತೆಗೆಯಬೇಕು, ಆಮೇಲೆ ಎಸೆಯಬೇಕು. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ತಿದ್ದರೆ ಮೊದಲೇ ಹೇಳಿ. ಐದಾರು ಸಲಕ್ಕೆ ಏನೂ ಗೊತ್ತಾಗದಿದ್ದರೆ ನಿಲ್ಲಿಸಿ, ಮೂವತ್ತು ಸಲದ ಪ್ಯಾಕೇಜಿಗೆ ದುಡ್ಡು ಕಟ್ಟಬೇಡಿ. ಬಿಪಿ ಮಾತ್ರೆ ಬಿಡಿ ಅಂದವರ ಮನೆಯ ಮೆಟ್ಟಿಲು ಮತ್ತೆ ಹತ್ತಬೇಡಿ. ತೊಡೆಯ ಸ್ನಾಯುವಿಗೆ ಫಿಸಿಯೋದವರು ಹೇಳಿಕೊಟ್ಟ ವ್ಯಾಯಾಮ ಇದೆಯಲ್ಲ, ಬೇಜಾರಿನದ್ದು, ಅದನ್ನು ಬಿಡಬೇಡಿ.

ಅವರು ಹೋದರು. ಎಂಟು ಸಲ ಆಯಿತು. ನೋವು ಅರ್ಧ ಕಡಿಮೆಯಂತೆ. ವ್ಯಾಯಾಮ ಮಾಡ್ತಿದ್ದೀರಾ ಅಂದರೆ ಮಾತು ತೇಲಿಸಿಬಿಟ್ಟರು. "ಸೂಜಿಗಿಂತ ಆ ಹುಡುಗಿ ಮಾತಾಡ್ಸೋದು ಚೆನ್ನಾಗಿದೆ ಕಣೋ, ಪಾಪ" ಅಂದರು. ಹಲ್ಲುಕಡ್ಡಿಯ ಪ್ರಯೋಗದ ಬಗ್ಗೆ ನಾನು ಅವರಿಗೆ ಇನ್ನೂ ಹೇಳಿಲ್ಲ.